ಹೊಲ ಮಾರುವ ಮುನ್ನ ಹತ್ತು ಗಂಟೆ ಹಾರಿ

ಓದುಗರ ಪ್ರಶ್ನೆ, ಹಾರಾಟ ಶಿಕ್ಷಕಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ: ಎರಡು ಸೀಟಿನ ಹೊಸ ಹಗುರ ವಿಮಾನಗಳು ಕೈಗೆಟಕುವ ಬೆಲೆಗೆ ಬರುತ್ತಿವೆ, ಪೈಲಟ್ ತರಬೇತಿ ಇದರಿಂದ ಬದಲಾಗಬಹುದು ಎಂದು. ಆ ಒಂದು ಮಾತಿಗೇ ಇಷ್ಟು ಪತ್ರ ಬಂದಿವೆ. ಈ ಸಲ ಬೇರೆ ವಿಷಯ ಎತ್ತಿಕೊಂಡಿಲ್ಲ.

ಮಗ ಪಿಯುಸಿ ಮುಗಿಸಿದ್ದಾನೆ, ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಐವತ್ತು ಲಕ್ಷ ಬೇಕು ಅಂದರು. ರಸ್ತೆ ಪಕ್ಕದ ಎರಡು ಎಕರೆ ಇದೆ, ಕೇಳೋರೂ ಇದ್ದಾರೆ. ಹಗುರ ವಿಮಾನ ಬಂದರೆ ಖರ್ಚು ಅರ್ಧಕ್ಕೆ ಇಳಿಯುತ್ತೆ ಅಂತ ಪರಿಚಯದವರೊಬ್ಬರು ಹೇಳಿದರು. ಕಾಯಲಾ, ಮಾರಲಾ?
ಒಬ್ಬ ತಂದೆ, ದೊಡ್ಡಬಳ್ಳಾಪುರ

ಈಗಲೇ ಮಾರಬೇಡಿ. ಅರ್ಧಕ್ಕೆ ಇಳಿಯುತ್ತದೆ ಎಂದವರ ಮಾತನ್ನೂ ನಂಬಬೇಡಿ.

ಲೆಕ್ಕ ನೀವೇ ನೋಡಿ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ನಮ್ಮ ದೇಶದಲ್ಲಿ 200 ಗಂಟೆ ಹಾರಿರಬೇಕು. ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆಸ್ನಾ 172 ವಿಮಾನ ಗಂಟೆಗೆ ಸುಮಾರು 35 ಲೀಟರ್ ಇಂಧನ ಕುಡಿಯುತ್ತದೆ. ರೋಟ್ಯಾಕ್ಸ್ 912 ಎಂಜಿನ್ ಹಾಕಿದ ಹಗುರ ವಿಮಾನಕ್ಕೆ 18 ಲೀಟರ್ ಆಸುಪಾಸು ಸಾಕು. ಎಲ್ಲ ಗಂಟೆಯೂ ಹಗುರ ವಿಮಾನದಲ್ಲೇ ಆಯಿತು ಅಂದುಕೊಂಡರೂ ಉಳಿಯುವುದು 3400 ಲೀಟರ್. ಬಂಕಿನ ಪೆಟ್ರೋಲ್ ದರ ಹಿಡಿದರೆ ಮೂರೂವರೆ ಲಕ್ಷ ರೂಪಾಯಿ. ವಿಮಾನದ ಪೆಟ್ರೋಲ್ ಅದಕ್ಕಿಂತ ದುಬಾರಿ, ಹಾಗಾಗಿ ಇನ್ನೊಂದಿಷ್ಟು ಸೇರಿಸಿ. ಹೊಸ ಸೆಸ್ನಾ 172 ಬೆಲೆ 4 ಲಕ್ಷ ಡಾಲರ್ ದಾಟಿದೆ, ಹಗುರ ವಿಮಾನ ಅದರ ಅರ್ಧಕ್ಕೋ ಇನ್ನೂ ಕಡಿಮೆಗೋ ಸಿಗುತ್ತದೆ. ಶಾಲೆ ಆ ಉಳಿತಾಯವನ್ನು ನಿಮಗೆ ದಾಟಿಸಿದರೆ ಗಂಟೆಯ ದರ ಇಳಿಯಬೇಕು. ಆದರೆ ಶಿಕ್ಷಕರ ಸಂಬಳ, ಹ್ಯಾಂಗರ್ ಬಾಡಿಗೆ, ಸಿಮ್ಯುಲೇಟರ್, ಎರಡು ಎಂಜಿನ್ನಿನ ವಿಮಾನದ ಗಂಟೆಗಳು, ಇವು ಯಾವುವೂ ಇಳಿಯುವುದಿಲ್ಲ. ಏರ್‌ಲೈನ್ ಕೆಲಸಕ್ಕೆ ಎರಡು ಎಂಜಿನ್ನಿನ ರೇಟಿಂಗ್ ಬೇಕು, ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಅದಾದ ಮೇಲೆ ಏರ್‌ಬಸ್ಸೋ ಬೋಯಿಂಗೋ, ಆ ಮಾದರಿಯನ್ನು ಹಾರಿಸಲು ಬೇಕಾದ ಟೈಪ್ ರೇಟಿಂಗ್ ಖರ್ಚು ಬೇರೆ.

ಹಾಗಾದರೆ ಹಗುರ ವಿಮಾನದಿಂದ ನಿಮ್ಮ ಮಗನಿಗೇನು ಲಾಭ ಎಂದರೆ, ಬಹಳ ಇದೆ. ಮೊದಲ ಹತ್ತು ಗಂಟೆ ಕಡಿಮೆ ದುಡ್ಡಿಗೆ ಸಿಗುತ್ತದೆ. ಹುಡುಗನಿಗೆ ಈ ಕೆಲಸ ಒಗ್ಗುತ್ತದೆಯೇ ಎನ್ನುವುದು ಆ ಹತ್ತು ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೇನೆ. ಬೆಳಗಿನ ಆರು ಗಂಟೆಗೆ ಮಂಜು ಕರಗುವುದನ್ನು ಕಾಯುತ್ತ ನಿಂತ ಮಕ್ಕಳಲ್ಲಿ ಕೆಲವರಿಗೆ ವಿಮಾನ ನೆಲ ಬಿಟ್ಟ ಕ್ಷಣದಲ್ಲೇ ಭುಜ ಸಡಿಲವಾಗುತ್ತದೆ. ಕೆಲವರಿಗೆ ಹತ್ತನೇ ಗಂಟೆಗೂ ಕಂಟ್ರೋಲ್ ಕಡ್ಡಿ ಹಿಡಿದ ಬೆರಳು ಬೆಳ್ಳಗಾಗಿರುತ್ತದೆ. ಎರಡನೆಯವರು ದಡ್ಡರೇನಲ್ಲ, ಅವರಿಗೆ ಬೇರೆ ಕೆಲಸ ಇದೆ, ಅಷ್ಟೆ. ಅದು ಜಮೀನು ಹೋದ ಮೇಲೆ ಗೊತ್ತಾಗಬಾರದು.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನ್ನ ಮನಸ್ಸಿನಲ್ಲಿ ಇಂದಿಗೂ ಕೊರೆಯುತ್ತದೆ. ನಾನು ಕಲಿಸುತ್ತಿದ್ದ ಒಂದು ಶಾಲೆಯಲ್ಲಿ ಏಳು ವಿಮಾನಗಳಿದ್ದವು, ಹಾರುತ್ತಿದ್ದದ್ದು ಮೂರು. ಉಳಿದವು ಬಿಡಿಭಾಗ ಬರಲಿ ಎಂದು ಹ್ಯಾಂಗರಿನಲ್ಲಿ ಧೂಳು ಹಿಡಿದು ನಿಂತಿದ್ದವು. ರೈತ ಮನೆಯ ಒಬ್ಬ ಹುಡುಗಿ ಒಂದು ವರ್ಷದಲ್ಲಿ ಮುಗಿಸಬೇಕಿದ್ದ ತರಬೇತಿಗೆ ಎರಡು ವರ್ಷ ಮೀರಿ ಕಾದಳು. ಯಲಹಂಕದ ಪಿಜಿ ಬಾಡಿಗೆ, ಬ್ಯಾಂಕ್ ಬಡ್ಡಿ ಎರಡೂ ಓಡುತ್ತಿದ್ದವು, ವಿಮಾನ ಮಾತ್ರ ಓಡುತ್ತಿರಲಿಲ್ಲ. ಮೂರು ವಾರ ಹಾರದಿದ್ದರೆ ಕೈ ಮರೆಯುತ್ತದೆ. ಕಲಿತದ್ದನ್ನೇ ಮತ್ತೆ ಕಲಿಯಲು ಮತ್ತೆ ಗಂಟೆ, ಮತ್ತೆ ದುಡ್ಡು. ಗಂಟೆಯ ದರ ಎಷ್ಟು ಎಂದು ಎಲ್ಲ ತಂದೆಯರೂ ಕೇಳುತ್ತಾರೆ, ಆ ಶಾಲೆಯಲ್ಲಿ ಇವತ್ತು ಎಷ್ಟು ವಿಮಾನ ಹಾರುತ್ತಿವೆ ಎಂದು ಕೇಳುವವರು ಕಡಿಮೆ. ಬೆಲೆ ಕಡಿಮೆಯಾದಾಗ ಶಾಲೆಯೊಂದು ಮೂರರ ಬದಲು ಆರು ವಿಮಾನ ಕೊಳ್ಳಬಹುದು. ಹಗುರ ವಿಮಾನದಿಂದ ನಾನು ನಿರೀಕ್ಷಿಸುವ ದೊಡ್ಡ ಬದಲಾವಣೆ ಇದೇ, ಕಾಯುವ ದಿನಗಳು ಕಡಿಮೆಯಾಗುವುದು.

ಆದ್ದರಿಂದ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ, ಕ್ಲಾಸ್ 2, ಆಮೇಲೆ ಕ್ಲಾಸ್ 1. ಬಣ್ಣ ಗುರುತಿಸುವ ಪರೀಕ್ಷೆಯಲ್ಲೇ ನಿಂತುಹೋದವರಿದ್ದಾರೆ. ಅದು ದಾಟಿದರೆ ಹತ್ತು ಗಂಟೆಗೆ ಮಾತ್ರ ದುಡ್ಡು ಕಟ್ಟಿ. ಪೂರ್ತಿ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೆ ಬೇಡ ಎನ್ನಿ. ಈ ವಿಮಾನದಲ್ಲಿ ಹಾರಿದ ಗಂಟೆ ಕಮರ್ಷಿಯಲ್ ಲೈಸೆನ್ಸಿನ 200 ಗಂಟೆಯ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಹಗುರ ಎಂದು ಕರೆಯುವ ವಿಮಾನಗಳೆಲ್ಲ ಕಾನೂನಿನ ಕಣ್ಣಿಗೆ ಒಂದೇ ಅಲ್ಲ.

ಲೈಟ್ ಸ್ಪೋರ್ಟ್ ವಿಮಾನ ಅಂದರೆ ನಿಖರವಾಗಿ ಏನು? ಯಾಕೆ ಅಗ್ಗ? ನಮ್ಮಲ್ಲಿ ಯಾರಾದರೂ ಮಾಡುತ್ತಿದ್ದಾರಾ?
ಎಂಜಿನಿಯರಿಂಗ್ ವಿದ್ಯಾರ್ಥಿ, ಯಲಹಂಕ ಉಪನಗರ

ಅಮೆರಿಕದಲ್ಲಿ 2004ರಲ್ಲಿ ಈ ವರ್ಗ ಹುಟ್ಟಿತು. ಎರಡು ಸೀಟು, ಒಂದು ಎಂಜಿನ್, ಹೊರಡುವಾಗಿನ ಒಟ್ಟು ತೂಕ 600 ಕೆಜಿ ಮೀರಬಾರದು, ನೇರ ಹಾರಾಟದ ವೇಗ 120 ನಾಟ್ (ಗಂಟೆಗೆ ಸುಮಾರು 222 ಕಿಲೋಮೀಟರ್) ದಾಟಬಾರದು, ಗಾಲಿ ಮಡಚುವಂತಿರಬಾರದು. ಇಷ್ಟರೊಳಗಿದ್ದರೆ ತಯಾರಕರು ಹತ್ತಾರು ಕೋಟಿ ಸುರಿದು ವರ್ಷಗಟ್ಟಲೆ ಟೈಪ್ ಸರ್ಟಿಫಿಕೇಟಿಗೆ, ಅಂದರೆ ಆ ಮಾದರಿಗೆ ಸರ್ಕಾರ ಪರೀಕ್ಷಿಸಿ ಕೊಡುವ ಒಪ್ಪಿಗೆಗೆ, ಅಲೆಯಬೇಕಿಲ್ಲ. ಉದ್ಯಮವೇ ಕೂತು ಒಪ್ಪಿಕೊಂಡ ಮಾನದಂಡಗಳಿವೆ, ಅವಕ್ಕೆ ತಕ್ಕಂತೆ ಕಟ್ಟಿದ್ದೇವೆ ಎಂದು ತಯಾರಕರು ಘೋಷಿಸಬೇಕು. ಅಗ್ಗದ ಗುಟ್ಟು ಅಲ್ಲಿದೆ. 2025ರ ಜುಲೈನಲ್ಲಿ ಅಮೆರಿಕ ಈ ಚೌಕಟ್ಟನ್ನು ಬಹಳ ಹಿಗ್ಗಿಸಿತು. 600 ಕೆಜಿಯ ಮಿತಿ ತೆಗೆದು, ವಿಮಾನ ಎಷ್ಟು ನಿಧಾನದ ತನಕ ಬೀಳದೆ ಹಾರಬಲ್ಲದು ಎನ್ನುವ ವೇಗದಿಂದ ಅಳೆಯಲು ಹೊರಟಿದೆ. ನಾಲ್ಕು ಸೀಟಿಗೂ ಬಾಗಿಲು ತೆರೆಯಿತು. ಅಲ್ಲಿ ಸ್ಪೋರ್ಟ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 20 ಗಂಟೆ ಸಾಕು. ಕಾರಿನ ಡ್ರೈವಿಂಗ್ ಲೈಸೆನ್ಸನ್ನೇ ಆರೋಗ್ಯದ ದಾಖಲೆಯಾಗಿ ಒಪ್ಪುತ್ತಾರೆ. ಇಲ್ಲಿ ಹಾಗಿಲ್ಲ, ಆ ಅಂಕಿಗಳನ್ನು ಇಲ್ಲಿಗೆ ಹೊತ್ತು ತರಬೇಡಿ.

ಬೆಲೆಯ ವಿಷಯದಲ್ಲಿ ಒಂದು ಹಳೆಯ ಪಾಠವಿದೆ. ಸೆಸ್ನಾ ಕಂಪನಿ 2007ರಲ್ಲಿ ಸ್ಕೈಕ್ಯಾಚರ್ ಎಂಬ ಎರಡು ಸೀಟಿನ ವಿಮಾನವನ್ನು 1,09,500 ಡಾಲರಿಗೆ ಕೊಡುತ್ತೇವೆ ಎಂದಿತ್ತು. 2011ರ ಹೊತ್ತಿಗೆ ಅದು 1,49,900 ಆಯಿತು. ಎರಡು ಮೂರು ವರ್ಷದಲ್ಲಿ ವಿಮಾನವೇ ನಿಂತುಹೋಯಿತು. ಅಂಥ ದೊಡ್ಡ ಕಂಪನಿಗೇ ಅಗ್ಗವಾಗಿ ಉಳಿಯಲು ಆಗಲಿಲ್ಲ. ಈ ವರ್ಗದ ವಿಮಾನಕ್ಕೆ ಒಂದು ಬೋಲ್ಟ್ ಬದಲಿಸಿ ಬೇರೆ ಬಗೆಯದು ಹಾಕಬೇಕೆಂದರೂ ತಯಾರಕರ ಒಪ್ಪಿಗೆ ಪತ್ರ ಬೇಕು. ತಯಾರಕರೇ ಅಂಗಡಿ ಮುಚ್ಚಿದರೆ ಪತ್ರ ಕೊಡುವವರು ಯಾರು? ಬೆಲೆಪಟ್ಟಿ ನೋಡುವ ಶಾಲೆಗಳು ಇದನ್ನೂ ನೋಡಬೇಕು.

ನಮ್ಮಲ್ಲಿ ಯಾರು ಮಾಡುತ್ತಾರೆ ಎಂದಿರಿ. ನಿಮ್ಮ ಊರಲ್ಲೇ ಮಾಡಿದ್ದಾರೆ, ನೀವು ಹುಟ್ಟುವುದಕ್ಕೆ ಬಹಳ ಮುಂಚೆ! ಎಚ್‌ಎಎಲ್‌ನ ಪುಷ್ಪಕ್ 1958ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಹಾರಿತು. ಪಕ್ಕಪಕ್ಕ ಎರಡು ಸೀಟು, ಮೇಲೆ ರೆಕ್ಕೆ, ಬಟ್ಟೆ ಹೊದಿಸಿದ ಮೈ, 90 ಅಶ್ವಶಕ್ತಿಯ ಎಂಜಿನ್, ಒಟ್ಟು ತೂಕ ಸುಮಾರು 610 ಕೆಜಿ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ನೂರೈವತ್ತಕ್ಕೂ ಹೆಚ್ಚು ಕಟ್ಟಿದರು. 2004ರಲ್ಲಿ ಅಮೆರಿಕದವರು ಗೆರೆ ಎಳೆದ ತೂಕಕ್ಕೂ ನಮ್ಮ ಪುಷ್ಪಕ್ ತೂಕಕ್ಕೂ ವ್ಯತ್ಯಾಸ ಹತ್ತು ಕೆಜಿ ಅಷ್ಟೆ. ನನ್ನ ಲಾಗ್‌ಬುಕ್ಕಿನ ಮೊದಲ ಪುಟ ಪುಷ್ಪಕ್‌ನದು. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದೆವು. ಮಳೆಯಲ್ಲಿ ನೆನೆದ ಬಟ್ಟೆ, ಬಟ್ಟೆ ಬಿಗಿಯಾಗಲು ಬಳಿಯುವ ಡೋಪು ಬಣ್ಣ, ಪೆಟ್ರೋಲು ಸೇರಿದ ಆ ವಾಸನೆ ಈಗಲೂ ಮೂಗಿನಲ್ಲಿದೆ.

ಆಮೇಲೆ ಹಳೇ ವಿಮಾನ ನಿಲ್ದಾಣ ರಸ್ತೆಯ ಆಚೀಚೆಯ ಎನ್‌ಎಎಲ್ ಪ್ರಯೋಗಾಲಯದವರು ಹಂಸ ಎಂಬ ಎರಡು ಸೀಟಿನ ವಿಮಾನ ಕಟ್ಟಿದರು. 1993ರಲ್ಲಿ ಮೊದಲ ಹಾರಾಟ, 2000ದಲ್ಲಿ ಸರ್ಟಿಫಿಕೇಟ್. ಅದರ ಹೊಸ ಪೀಳಿಗೆ ಹಂಸ ಎನ್‌ಜಿ 2021ರ ಸೆಪ್ಟೆಂಬರಿನಲ್ಲಿ ಎಚ್‌ಎಎಲ್ ರನ್‌ವೇಯಿಂದ ಮೇಲೆದ್ದಿತು. ಪೂರ್ತಿ ಕಾಂಪೋಸಿಟ್ ಮೈ, ಡಿಜಿಟಲ್ ನಿಯಂತ್ರಣದ ರೋಟ್ಯಾಕ್ಸ್, ಮುಳ್ಳಿನ ಮೀಟರುಗಳ ಬದಲು ಪರದೆಗಳಿರುವ ಕಾಕ್‌ಪಿಟ್. ಇದು 600 ಕೆಜಿಯ ವರ್ಗಕ್ಕಿಂತ ತುಸು ತೂಕದ್ದು, ಮತ್ತು ಟೈಪ್ ಸರ್ಟಿಫಿಕೇಟಿನ ದಾರಿ ಹಿಡಿದದ್ದು. ತರಬೇತಿ ಶಾಲೆಗಳಿಗೆ ಇದೇ ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ, ಗಂಟೆಗಳ ಲೆಕ್ಕದಲ್ಲಿ ಆಮೇಲೆ ತಕರಾರು ಬರುವುದಿಲ್ಲ. ಪ್ರಯೋಗಾಲಯದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಶಾಲೆಗೆ ಇದು ಬೇಗ ಬರಬೇಕು. ಹಳೆಯ ಹಂಸದ ಕಾಲದಲ್ಲಿ ನಾವು ಕಾದದ್ದು ಸಾಕು.

ಮಗಳು ಹಾರಾಟ ಕಲಿಯಲು ಹೊರಟಿದ್ದಾಳೆ. 600 ಕೆಜಿ ಅಂದರೆ ನಮ್ಮ ಮಾರುತಿ ಕಾರಿಗಿಂತ ಹಗುರ. ಗಾಳಿ ಬಂದರೆ ಏನು ಗತಿ? ಎಂಜಿನ್ ನಿಂತರೆ?
ಒಬ್ಬ ತಾಯಿ, ರಾಜಾಜಿನಗರ

ನಿಮ್ಮ ಭಯಕ್ಕೆ ಅರ್ಥವಿದೆ, ಆದರೆ ಎಂಜಿನ್ನಿಗಿಂತ ಮೊದಲು ಬಿಸಿಲಿಗೆ ಹೆದರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದಾಗ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ರೆಕ್ಕೆಗೂ ಎಂಜಿನ್ನಿಗೂ ತಾವು 6000 ಅಡಿ ಎತ್ತರದಲ್ಲಿದ್ದಂತೆ ಆಗುತ್ತದೆ. 100 ಅಶ್ವಶಕ್ತಿಯ ಎಂಜಿನ್ 80ರ ಸುತ್ತಮುತ್ತ ಕೊಡುತ್ತದೆ. ಓಡುವ ದೂರ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಇದರ ಮೇಲೆ ತೂಕ. ಖಾಲಿ ವಿಮಾನವೇ 380 ಕೆಜಿ ಇದ್ದರೆ ಉಳಿಯುವುದು 220. ತಲಾ 85 ಕೆಜಿಯ ಇಬ್ಬರು ಕೂತರೆ ಇಂಧನಕ್ಕೆ 50 ಕೆಜಿ, ಅಂದರೆ ಸುಮಾರು 70 ಲೀಟರ್. ಟ್ಯಾಂಕ್ ತುಂಬ ಹಾಕಿ ಹೊರಟರೆ ಲೆಕ್ಕ ತಪ್ಪಿತು. ನನ್ನ ವಿದ್ಯಾರ್ಥಿಗಳು ಚೀಟಿಯಲ್ಲಿ ತೂಕ ಬರೆದು ತೋರಿಸದೆ ಸೀಟು ಹತ್ತುವಂತಿರಲಿಲ್ಲ. ನಿಮ್ಮ ಮಗಳ ಶಾಲೆಯಲ್ಲೂ ಈ ಚೀಟಿ ಇದೆಯೇ ಎಂದು ಕೇಳಿ ನೋಡಿ.

ಗಾಳಿಯ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಪಡುವಣ ಗಾಳಿ ಜೋರು. ಜಕ್ಕೂರು, ಎಚ್‌ಎಎಲ್ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮಕ್ಕೆ ಮಲಗಿರುವುದರಿಂದ ಗಾಳಿ ಬಹುಪಾಲು ಎದುರಿಗೇ ಬರುತ್ತದೆ, ಅದು ಅನುಕೂಲ. ಆದರೂ ಹಗುರ ವಿಮಾನ ಕುಲುಕುತ್ತದೆ. ಹೊಸಬರಿಗೆ ಬೆಳಗಿನ ಎರಡು ಮೂರು ಗಂಟೆಯೇ ಪಾಠದ ಹೊತ್ತು.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತ ಇಳಿಯುತ್ತದೆ. ಸಾವಿರ ಅಡಿಯಿಂದ ಸುಮಾರು ಮೂರು ಕಿಲೋಮೀಟರ್ ಜಾರಬಲ್ಲದು. ಆ ಮೂರು ಕಿಲೋಮೀಟರಿನಲ್ಲಿ ಯಾವ ಹೊಲ, ಯಾವ ಕೆರೆಯಂಗಳ ಎಂದು ಕಣ್ಣು ಸದಾ ಹುಡುಕುತ್ತಿರಬೇಕು ಎಂದು ಕಲಿಸುತ್ತೇವೆ. ಹಂಸ ಎನ್‌ಜಿಯ ಎಂಜಿನ್ನನ್ನು 2022ರ ಮೇ ತಿಂಗಳಲ್ಲಿ ಚಳ್ಳಕೆರೆಯ ಪರೀಕ್ಷಾ ಕೇಂದ್ರದ ಮೇಲೆ ಆಕಾಶದಲ್ಲೇ ಬೇಕೆಂದು ನಿಲ್ಲಿಸಿ, ಮತ್ತೆ ಚಾಲೂ ಮಾಡಿ ನೋಡಿದ್ದಾರೆ. ಇನ್ನು ಹಲವು ಹಗುರ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಇರುತ್ತದೆ. ಅದು ಇರಲಿ. ಆದರೆ ಅದನ್ನು ನಂಬಿ ಹೊಲ ಹುಡುಕುವುದನ್ನು ಬಿಟ್ಟ ವಿದ್ಯಾರ್ಥಿಯನ್ನು ನಾನು ಸೋಲೋ, ಅಂದರೆ ಒಬ್ಬರೇ ಹಾರಲು, ಕಳಿಸುವುದಿಲ್ಲ.

ಸೆಸ್ನಾದಲ್ಲಿ 30 ಗಂಟೆ ಆಗಿತ್ತು, ಲ್ಯಾಂಡಿಂಗ್ ಚೆನ್ನಾಗಿ ಬರುತ್ತಿತ್ತು. ಈಗ ಶಾಲೆಗೆ ರೋಟ್ಯಾಕ್ಸ್ ಎಂಜಿನ್ನಿನ ಹೊಸ ವಿಮಾನ ಬಂದಿದೆ. ಇದರಲ್ಲಿ ಪ್ರತಿ ಸಲ ಕುಕ್ಕುತ್ತಿದ್ದೇನೆ. ನಾನು ಹಿಂದೆ ಹೋಗುತ್ತಿದ್ದೇನಾ?
ಹೆಸರು ಬೇಡ ಎಂದ ವಿದ್ಯಾರ್ಥಿನಿ

ಖಂಡಿತ ಇಲ್ಲ. ಸೆಸ್ನಾ ನಿಮ್ಮ ಎಷ್ಟೋ ತಪ್ಪುಗಳನ್ನು ನುಂಗಿಕೊಳ್ಳುತ್ತಿತ್ತು, ಇದು ತೋರಿಸುತ್ತಿದೆ.

ಭಾರದ ವಿಮಾನ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ) ಮುಚ್ಚಿದ ಮೇಲೂ ತನ್ನ ತೂಕದ ಬಲದಲ್ಲಿ ಒಂದಷ್ಟು ದೂರ ತೇಲುತ್ತದೆ. ಹಗುರದ್ದಕ್ಕೆ ಆ ಬಲ ಇಲ್ಲ. ಥ್ರಾಟಲ್ ಎಳೆದ ಕೂಡಲೇ ವೇಗ ಕರಗುತ್ತದೆ. ಸೆಸ್ನಾದ ಅಭ್ಯಾಸದಲ್ಲಿ ನೀವು ಎತ್ತರದಲ್ಲೇ ಮೂತಿ ಎತ್ತುತ್ತೀರಿ, ವಿಮಾನ ಐದಡಿ ಮೇಲೆ ಉಸಿರು ಕಟ್ಟಿ ಕೂತುಬಿಡುತ್ತದೆ. ಫೈನಲ್ಸ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತದಲ್ಲಿ, ವೇಗವನ್ನು ಹೇಳಿದ ಅಂಕಿಯಲ್ಲೇ ಹಿಡಿಯಿರಿ, ಒಂದೆರಡು ನಾಟ್ ಆಚೀಚೆಯೂ ಬೇಡ. ಥ್ರಾಟಲನ್ನು ಒಮ್ಮೆಲೇ ಮುಚ್ಚದೆ ಫ್ಲೇರ್ ಜೊತೆಗೆ, ಅಂದರೆ ನೆಲ ಮುಟ್ಟುವ ಮುನ್ನ ಮೂತಿ ಎತ್ತುವಾಗ, ಮೆಲ್ಲಗೆ ತೆಗೆಯಿರಿ. ಕಣ್ಣು ಮೂತಿಯ ಮೇಲಿದ್ದರೆ ನೆಲ ತಿಳಿಯುವುದಿಲ್ಲ, ರನ್‌ವೇಯ ಕೊನೆಗೆ ನೋಡಿ. ಆಗ ಬದಿಯ ಹುಲ್ಲು ಎರಡೂ ಕಡೆ ಮೇಲೇರಿ ಬಂದಂತೆ ಕಾಣುತ್ತದೆ, ಅದೇ ನಿಮ್ಮ ಎತ್ತರದ ಗುರುತು. ಕಾಲನ್ನು ಮಲಗಿಸಬೇಡಿ. ಸೆಸ್ನಾದಲ್ಲಿ ಕಾಲಿನಿಂದ ಆಡಿಸುವ ಬಾಲದ ರಡ್ಡರ್ ಮರೆತರೂ ಹೇಗೋ ಆಗುತ್ತದೆ, ಇಲ್ಲಿ ಅಡ್ಡಗಾಳಿಗೆ ಮೂತಿ ಅಲ್ಲಾಡಿದ ಕೂಡಲೇ ಪಾದ ಉತ್ತರ ಕೊಡಬೇಕು.

ಸದ್ದಿನ ವಿಷಯವೂ ಇದೆ. ರೋಟ್ಯಾಕ್ಸ್ ಟೇಕಾಫ್‌ನಲ್ಲಿ ನಿಮಿಷಕ್ಕೆ 5500ಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಗೇರ್‌ಬಾಕ್ಸ್ ಅದನ್ನು ಪ್ರೊಪೆಲ್ಲರಿಗೆ ಅರ್ಧಕ್ಕಿಂತ ಕಡಿಮೆ ಮಾಡಿ ಕೊಡುತ್ತದೆ. ಸೆಸ್ನಾ ಎಂಜಿನ್ನಿನ ಗುಡುಗಿಗೆ ಒಗ್ಗಿದ ಕಿವಿಗೆ ಇದು ಹೊಲಿಗೆ ಯಂತ್ರದಂತೆ ಕೇಳುತ್ತದೆ. ಕಿವಿಯಿಂದ ಪವರ್ ಅಂದಾಜು ಮಾಡುವ ನಿಮ್ಮ ಅಭ್ಯಾಸ ಹೊಸದಾಗಿ ಕೂಡಬೇಕು.

ಗಂಟೆ ಎಣಿಸುವುದನ್ನು ಒಂದು ವಾರ ಬಿಟ್ಟು ಲ್ಯಾಂಡಿಂಗ್ ಎಣಿಸಿ. ಸರ್ಕಿಟ್‌ನಲ್ಲಿ, ಅಂದರೆ ಏರಿ ಸುತ್ತಿ ಮತ್ತೆ ಇಳಿಯುವ ರನ್‌ವೇ ಸುತ್ತಿನ ಹಾದಿಯಲ್ಲಿ, ಬೇರೆಯವರು ಇಲ್ಲದ ಬೆಳಗ್ಗೆ ಒಂದು ಗಂಟೆಗೆ ಎಂಟು ಹತ್ತು ಸಲ ಇಳಿಯಬಹುದು. ನಲವತ್ತು ಲ್ಯಾಂಡಿಂಗ್ ಆದ ಮೇಲೆ ನನಗೆ ಮತ್ತೆ ಬರೆಯಿರಿ. ಒಂದು ಎಚ್ಚರಿಕೆ: ಈ ವರ್ಗದ ಬಹಳಷ್ಟು ವಿಮಾನಗಳಲ್ಲಿ ಬೇಕೆಂದು ಸ್ಪಿನ್, ಅಂದರೆ ವೇಗ ಕಳೆದು ಗಿರಗಿರ ಸುತ್ತುತ್ತ ಬೀಳುವುದು, ಮಾಡುವಂತಿಲ್ಲ. ಸ್ಪಿನ್ ಹೇಗಿರುತ್ತದೆ, ಹೇಗೆ ಹೊರಬರುವುದು ಎನ್ನುವುದನ್ನು ಅದಕ್ಕೆ ಅನುಮತಿ ಇರುವ ವಿಮಾನದಲ್ಲಿ, ಅನುಭವಿ ಶಿಕ್ಷಕರ ಜೊತೆ ಒಮ್ಮೆ ನೋಡಿಯೇ ಮುಂದೆ ಹೋಗಿ.

ಈ ಎಂಜಿನ್ ಕಾರಿನ ಪೆಟ್ರೋಲಿನಲ್ಲೂ ಓಡುತ್ತದಂತೆ. ಹಾಗಾದರೆ ಬಂಕಿನಿಂದ ಕ್ಯಾನ್ ತಂದು ಹಾಕಿದರಾಯಿತಲ್ಲ?
ಗ್ಯಾರೇಜ್ ಮಾಲೀಕ, ಕೆಂಗೇರಿ

ಆಗುವುದಿಲ್ಲ. ಈಗ ನಮ್ಮ ಬಂಕುಗಳಲ್ಲಿ ಬರುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್. ರೋಟ್ಯಾಕ್ಸ್ 912ಕ್ಕೆ ತಯಾರಕರ ಒಪ್ಪಿಗೆ ಇರುವುದು 10 ಪಾಲಿನ ತನಕ. ಎಥನಾಲ್ ನೀರು ಹೀರುತ್ತದೆ, ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ಬಿಸಿಲಲ್ಲಿ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಎಂಜಿನ್ ಸೊರಗುವ ಅಪಾಯವೂ ಇದೆ. ಹಾಗಾಗಿ ಶಾಲೆಗಳು ಸೀಸ ಬೆರೆತ ವಿಮಾನದ ಪೆಟ್ರೋಲ್, ಅಂದರೆ ಆವ್‌ಗ್ಯಾಸ್ ಹಾಕುತ್ತವೆ. ರೋಟ್ಯಾಕ್ಸ್‌ಗೆ ಸೀಸ ಅಷ್ಟು ಒಗ್ಗದು, ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕು. 2022ರ ತನಕ ಆವ್‌ಗ್ಯಾಸ್ ಹೊರದೇಶದಿಂದಲೇ ಬರುತ್ತಿತ್ತು. ಆ ವರ್ಷ ಇಂಡಿಯನ್ ಆಯಿಲ್ ತನ್ನ ವಡೋದರಾದ ಸಂಸ್ಕರಣಾಗಾರದಲ್ಲಿ ತಯಾರಿಸಲು ಶುರುಮಾಡಿತು. ಎಥನಾಲ್ ಇಲ್ಲದ, ಸೀಸವೂ ಇಲ್ಲದ ಪೆಟ್ರೋಲನ್ನು ತರಬೇತಿ ಏರೋಡ್ರೋಮುಗಳಿಗೆ ಬೇರೆಯಾಗಿ ಕೊಡುವ ಏರ್ಪಾಡು ಆದರೆ, ಅಗ್ಗದ ವಿಮಾನ ಅಂದದ್ದು ನಿಜಕ್ಕೂ ಅಗ್ಗವಾಗುತ್ತದೆ. ಇದನ್ನು ಕೇಳುವವರು ಬೇಕು, ನಾನಂತೂ ಕೇಳುತ್ತಲೇ ಇದ್ದೇನೆ.

ಸಣ್ಣ ವಿಮಾನಗಳು ಹೆಚ್ಚಾದರೆ ನಮ್ಮ ಬಡಾವಣೆಗೆ ಸದ್ದು ಹೆಚ್ಚಾಗುವುದಿಲ್ಲವೇ?
ನಿವಾಸಿ, ಸಹಕಾರನಗರ

ಪ್ರೊಪೆಲ್ಲರ್ ನಿಧಾನ ತಿರುಗುವುದರಿಂದ ಒಂದೊಂದು ವಿಮಾನದ ಸದ್ದು ಹಳೆಯವಕ್ಕಿಂತ ಕಡಿಮೆ. 2020ರಲ್ಲಿ ಯುರೋಪಿನಲ್ಲಿ ಪೂರ್ತಿ ವಿದ್ಯುತ್ ಬ್ಯಾಟರಿಯ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ವಿಮಾನಕ್ಕೆ ಸರ್ಟಿಫಿಕೇಟ್ ಸಿಕ್ಕಿದೆ. ಅದು ಒಂದು ಗಂಟೆಯೊಳಗಿನ ಪಾಠಕ್ಕೆ ಮಾತ್ರ ಸಾಕು, ಆದರೆ ಸರ್ಕಿಟ್ ಸುತ್ತುವುದಕ್ಕೆ ಅಷ್ಟೇ ಬೇಕಿರುವುದು. ಜಕ್ಕೂರಿನ ಏರೋಡ್ರೋಮ್ ನಿಮ್ಮ ಬಡಾವಣೆಗಿಂತ ಹಳೆಯದು ಎನ್ನುವುದನ್ನೂ ಪ್ರೀತಿಯಿಂದ ನೆನಪಿಸುತ್ತೇನೆ. ಊರೊಳಗಿನ ಒಂದು ರನ್‌ವೇ ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ.

ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ರೇಡಿಯೋದಲ್ಲಿ ಇಂಗ್ಲಿಷ್ ಮಾತಾಡಲು ಗಂಟಲು ಕಟ್ಟುತ್ತದೆ.
ಎನ್‌ಸಿಸಿ ವಾಯುದಳದ ಕ್ಯಾಡೆಟ್, ಹೆಸರಘಟ್ಟ

ರೇಡಿಯೋ ಇಂಗ್ಲಿಷಿಗೆ ವ್ಯಾಕರಣ ಕಡಿಮೆ, ತಾಳ ಹೆಚ್ಚು. ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು, ಅಷ್ಟೇ. ಅಂಗಳದಲ್ಲಿ ಸೀಮೆಸುಣ್ಣದಿಂದ ರನ್‌ವೇ ಬರೆಯಿರಿ, ಸುತ್ತ ಸರ್ಕಿಟ್ ಗೆರೆ ಎಳೆಯಿರಿ. ಅದರ ಮೇಲೆ ನಡೆಯುತ್ತ ಡೌನ್‌ವಿಂಡ್‌ನಲ್ಲಿ (ರನ್‌ವೇಗೆ ಸಮಾಂತರವಾಗಿ ಸಾಗುವ ಬದಿಯಲ್ಲಿ) ಹೇಳುವುದನ್ನು ಡೌನ್‌ವಿಂಡ್‌ನಲ್ಲಿ, ಫೈನಲ್ಸ್‌ನಲ್ಲಿ ಹೇಳುವುದನ್ನು ಫೈನಲ್ಸ್‌ನಲ್ಲಿ ಗಟ್ಟಿಯಾಗಿ ಹೇಳಿ. ದಿನಕ್ಕೆ ಇಪ್ಪತ್ತು ಸುತ್ತು. ನನ್ನ ಶಿಷ್ಯರಲ್ಲಿ ಅತ್ಯಂತ ಶುದ್ಧವಾಗಿ ರೇಡಿಯೋ ಮಾತಾಡುತ್ತಿದ್ದವನು ಕೋಲಾರ ಕಡೆಯ ಕನ್ನಡ ಶಾಲೆಯ ಹುಡುಗ. ನಿಮಗೆ ಒಂದು ಅನುಕೂಲ ಆಗಲೇ ಇದೆ. ಎನ್‌ಸಿಸಿಯವರಿಗೆ ಬಂದ ಪಿಪಿಸ್ಟ್ರೆಲ್ ಗರುಡ್ ಇದೇ ಹಗುರ ಜಾತಿಯ ವಿಮಾನ. ಅದರಲ್ಲಿ ಕೂರಲು ಅವಕಾಶ ಸಿಕ್ಕಾಗ ಕಿಟಕಿ ನೋಡುವುದರ ಜೊತೆಗೆ ಹೆಡ್‌ಸೆಟ್ಟಿಗೂ ಕಿವಿ ಕೊಡಿ.

ಬ್ಯಾಂಕಿನಿಂದ ನಿವೃತ್ತನಾದೆ, 61 ವರ್ಷ. ಕೆಲಸಕ್ಕಲ್ಲ, ಸುಮ್ಮನೆ ಹಾರಲು ಕಲಿಯಬೇಕು. ತಡವಾಯಿತೇ?
ಬಸವನಗುಡಿ

ಇಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸಿಗೆ 17 ತುಂಬಿರಬೇಕು, ಮೇಲ್ಮಿತಿ ಇಲ್ಲ. ಕ್ಲಾಸ್ 2 ವೈದ್ಯಕೀಯ, 40 ಗಂಟೆ ಹಾರಾಟ, ಬರವಣಿಗೆಯ ಪರೀಕ್ಷೆಗಳು. ಹಗುರ ವಿಮಾನಗಳು ಹೆಚ್ಚಿದಂತೆ ನಿಮ್ಮಂಥವರೂ ಏರೋಡ್ರೋಮಿಗೆ ಬರಬೇಕು ಎಂದು ನನಗೆ ಬಹಳ ಆಸೆ. ಬೇರೆ ದೇಶಗಳಲ್ಲಿ ಕ್ಲಬ್ಬುಗಳನ್ನು ಜೀವಂತ ಇಟ್ಟವರು ಸುಮ್ಮನೆ ಹಾರುವ ಜನ.

ಒಂದು ಚಳಿಗಾಲದ ಬೆಳಗ್ಗೆ ಬೇಗ ಹೋಗಿ. ಶಿಕ್ಷಕರು ಇಗ್ನಿಷನ್ ಬಂದ್ ಇದೆ ಎಂದು ಎರಡು ಸಲ ನೋಡಿ, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೆ ಕೈಯಲ್ಲಿ ತಿರುಗಿಸಲು ನಿಮಗೆ ಹೇಳುತ್ತಾರೆ. ರೋಟ್ಯಾಕ್ಸ್‌ನಲ್ಲಿ ಎಣ್ಣೆ ಬೇರೆ ತೊಟ್ಟಿಯಲ್ಲಿರುತ್ತದೆ, ಅಳತೆ ನೋಡುವ ಮುನ್ನ ಎಂಜಿನ್ನಿನಲ್ಲಿ ಉಳಿದದ್ದು ತೊಟ್ಟಿಗೆ ಮರಳಬೇಕು. ಹತ್ತು ಹನ್ನೆರಡು ಸುತ್ತು ಆಗಬಹುದು, ತೋಳು ಸ್ವಲ್ಪ ನೋಯುತ್ತದೆ. ತೊಟ್ಟಿಯ ಮುಚ್ಚಳ ತೆಗೆದಿಟ್ಟು, ಒಳಗಿನಿಂದ ಗುಳುಗುಳು ಎಂದು ಎಂಜಿನ್ ತೇಗುವುದು ಕೇಳಿಸುವ ತನಕ ತಿರುಗಿಸಿ. ಕೇಳಿಸಿತೆಂದರೆ ಎಣ್ಣೆ ನೋಡಿ ಮುಚ್ಚಳ ಹಾಕಿ, ಆಮೇಲೆ ಎಡಗಡೆಯ ಸೀಟು ಹತ್ತಿ.